ಎಲ್ಲೆಯಾಗಿದ್ದ ಹೊಳೆ

“ಗುರುಗಳೆ, ನಮ್ಮದು ಭೀಮೆಯ ದಂಡೆಯ ಹಳೆಯ ಮನೆತನ. ಅಜ್ಜನ ಮುತ್ತಜ್ಜನ ಕಾಲದಿಂದ ಊರ ಗೌಡಕಿ ನಮ್ಮದೇ. ಬರ ಬಂದಾಗ ನೆಲದೊಳಗಿನ ಹಗೇವು ತೆರೆದು ಊರಿಗೆಲ್ಲ ಜೋಳ ಅಳೆದುಕೊಟ್ಟವರು ನಾವು. ನಮ್ಮ ಮನೆಯವರ ಮೇಲೆ ಇದುವರೆಗೆ ಯಾರೂ ಬೆರಳು ತೋರಿಸಿಲ್ಲ. ಹೀಗಿದ್ದೂ ನನ್ನ ತಾಯಿ ಹೊಳೆಯ ಸದ್ದು ಕೇಳಿದರೆ ನಡುಗುತ್ತಾಳೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿದ್ದರೂ ನಡುಗುತ್ತಾಳೆ. ತಪ್ಪು ಮಾಡದವರಿಗೆ ಇಂಥ ಭಯ ಏಕೆ?” ಎಂದು ಚನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಭೀಮೆ ಸಹ್ಯಾದ್ರಿಯಲ್ಲಿ ಹುಟ್ಟುತ್ತಾಳೆ. ಪಂಢರಪುರದಲ್ಲಿ ಅರ್ಧಚಂದ್ರನಂತೆ ಬಾಗಿ ಚಂದ್ರಭಾಗೆ ಎನಿಸಿಕೊಳ್ಳುತ್ತಾಳೆ. ನಮ್ಮ ಎರೆನೆಲಕ್ಕೆ ಇಳಿದ ಮೇಲೆ ಆಕೆಗೆ ಅವಸರವಿಲ್ಲ. ಒಂದು ದಂಡೆಯನ್ನು ತಿಂದು ಇನ್ನೊಂದು ದಂಡೆಗೆ ಉಣಿಸುತ್ತ ಕೃಷ್ಣೆಯ ಕಡೆಗೆ ನಡೆಯುತ್ತಾಳೆ.

ಅಂಥದೊಂದು ಬಾಗಿನಲ್ಲಿ, ಪಡುವಣ ದಂಡೆಯ ಮೇಲೆ, ಒಬ್ಬ ಗೌಡಸಾನಿಯ ಮನೆಯಿತ್ತು. ಗಂಡ ತೀರಿದ ಮೇಲೆ ಕಾರುಬಾರೆಲ್ಲ ಆಕೆಯದೇ. ಹೊಲದ ಮೂಡಣ ಎಲ್ಲೆ ಹೊಳೆ ಎಂದು ಹಿರಿಯರು ಕಲ್ಲಿನಲ್ಲಿ ಕೆತ್ತಿಸಿದ್ದರು. ಹೊಳೆ ವರ್ಷವರ್ಷವೂ ಮೂಡಣಕ್ಕೆ ಸರಿಯಿತು. ಹಿಂದೆ ಬಿಟ್ಟ ಮೆಕ್ಕಲು ಮಣ್ಣಿನಲ್ಲಿ ಗೌಡಸಾನಿ ಬಿಳಿಜೋಳ ಬಿತ್ತಿಸಿದಳು.

ಆಚೆ ದಂಡೆಯ ಒಬ್ಬ ರೈತ ತೆಪ್ಪ ಹತ್ತಿ ಬಂದ. ಅಂಗಳದಲ್ಲಿ ನಿಂತು ಹೇಳಿದ: “ಗೌಡಸಾನಿಯವರೆ, ನೀವು ಬಿತ್ತಿದ್ದು ನನ್ನ ಹೊಲದ ಮಣ್ಣಿನಲ್ಲಿ. ನನ್ನವ್ವನನ್ನು ಹೂಳಿದ ಜಾಗವೂ ಹೊಳೆಗೆ ಹೋಯಿತು. ಬೆಳೆಯಲ್ಲಿ ಒಂದು ಪಾಲಾದರೂ ಕೊಡಿ.”

ಆಕೆ ಅವನಿಗೆ ಕೂತುಕೊ ಎನ್ನಲಿಲ್ಲ. “ಈ ಮನೆಯವರು ಪರರ ಕಡ್ಡಿಯನ್ನೂ ಮುಟ್ಟಿದವರಲ್ಲ. ಹೊಳೆಯೇ ಎಲ್ಲೆ. ನಿನಗೆ ಅನ್ಯಾಯವಾಗಿದ್ದರೆ ಹೊಳೆಯನ್ನು ಕೇಳು.”

ಒಬ್ಬ ಆಳು ಕಿಸಕ್ಕನೆ ನಕ್ಕ. “ಭೀಮೆ ಏನಂದಳು ಅಂತ ನಮಗೂ ಬಂದು ಹೇಳು ಮಾವ. ನಿನ್ನವ್ವನೂ ಅಲ್ಲೇ ಇದ್ದಾಳಲ್ಲ, ಸಾಕ್ಷಿ ನುಡಿದಾಳು.” ಉಳಿದವರೂ ನಕ್ಕರು. ಗೌಡಸಾನಿ ಅವರನ್ನು ತಡೆಯಲಿಲ್ಲ. ರೈತ ತೆಪ್ಪ ಹತ್ತಿದ.

ಆ ಮಳೆಗಾಲದಲ್ಲಿ ಊರಿಗೆ ಹನಿ ಬೀಳಲಿಲ್ಲ. ಮಳೆಯೆಲ್ಲ ಘಟ್ಟದ ಮೇಲೆ ಸುರಿಯಿತು. ಸುಡುಬಿಸಿಲಿನಲ್ಲೇ ಹೊಳೆ ಏರಿತು. ದಂಡೆ ಕುಸಿಯುವ ಸದ್ದು ಮನೆಯೊಳಕ್ಕೆ ಕೇಳತೊಡಗಿತು. ಪ್ರತಿ ಸದ್ದಿಗೂ ಗೌಡಸಾನಿ ತೊಟ್ಟಿಲಲ್ಲಿದ್ದ ತನ್ನ ಗಂಡುಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಆಮೇಲೆ ಸದ್ದು ಮನೆಯ ಹಿಂದಿನಿಂದ ಬಂತು. ಆಕೆ ಮಾಳಿಗೆ ಹತ್ತಿ ನೋಡಿದಳು. ಹಿತ್ತಿಲಿನಾಚೆ, ಪಡುವಣಕ್ಕೆ, ಒಂದು ತಗ್ಗಿತ್ತು. ಹಿಂದೊಂದು ಕಾಲಕ್ಕೆ ಭೀಮೆ ಹರಿದಿದ್ದ ತಗ್ಗು ಅದು. ಭೀಮೆ ತನ್ನ ಹಳೆಯ ಹಾದಿಗೆ ಮರಳಿದ್ದಳು.

ನೆರೆ ಇಳಿಯಿತು. ಮನೆಯ ಒಂದು ಕಲ್ಲೂ ಅಲುಗಿರಲಿಲ್ಲ. ಆದರೆ ಮುಂದಿದ್ದ ಹೊಳೆ ಈಗ ಹಿಂದಿತ್ತು. ಮನೆ, ಹೊಲ, ಹಗೇವು ಎಲ್ಲವೂ ಎಲ್ಲೆಯ ಆಚೆ, ರೈತನ ದಂಡೆಯಲ್ಲಿದ್ದವು.

ಗೌಡಸಾನಿ ನೀರಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ತಾನು ಆಡಿದ ಮಾತಿಗೆ ಹೆದರಿದಳು. ಅಷ್ಟರಲ್ಲಿ ರೈತ ಬರುವುದು ಕಂಡಿತು. ಅವನಿಗೆ ತೆಪ್ಪ ಬೇಕಾಗಿರಲಿಲ್ಲ. ಬತ್ತಿದ ಹೊಳೆಯ ಉಸುಕಿನ ಮೇಲೆ ನಡೆದೇ ಬಂದ.

“ನಿಮ್ಮ ಮಾತಿನ ಪ್ರಕಾರ ಇದೆಲ್ಲ ಈಗ ನಿಮ್ಮದಲ್ಲ,” ಎಂದ. “ನನಗೂ ಬೇಡ. ಅವತ್ತು ನಿಮ್ಮ ಆಳುಗಳು ನನ್ನವ್ವನ ಮಣ್ಣಿಗೆ ನಗುವಾಗ ನೀವು ತಡೆಯಲಿಲ್ಲ. ತಪ್ಪಾಯಿತು ಅನ್ನಿ. ಹೋಗುತ್ತೇನೆ.”

ಗೌಡಸಾನಿ ಬಾಯಿ ತೆರೆದಳು. ಆ ಮನೆಯಲ್ಲಿ ಯಾರೊಬ್ಬರೂ ಆ ಮಾತು ಆಡಿದ್ದನ್ನು ಆಕೆ ಕೇಳಿರಲಿಲ್ಲ. ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಅವನ ಮುಂದೆ ಹಿಡಿದಳು.

“ನಾನು ಕೇಳಿದ್ದು ಇದನ್ನಲ್ಲ,” ಎಂದು ರೈತ ಬಂದ ದಾರಿಯಲ್ಲೇ ಹೋದ.

ಮತ್ತೆ ಅವನು ಬರಲಿಲ್ಲ. ಏನನ್ನೂ ಕೇಳಲಿಲ್ಲ. ಹೊಳೆ ಸದ್ದು ಮಾಡಿದಾಗಲೆಲ್ಲ ಗೌಡಸಾನಿಗೆ ಉಸುಕಿನ ಮೇಲೆ ಯಾರೋ ನಡೆದು ಬಂದಂತೆ ಕೇಳುತ್ತದೆ.

ಚನ್ನವೀರನ ಮುಖ ಬಿಳಿಚಿಕೊಂಡಿತು. “ಅದೊಂದು ಮಾತನ್ನು ಆಕೆ ಕೊನೆಗೂ ಆಡಲಿಲ್ಲವೇ, ಗುರುಗಳೆ?”

“ಆ ರೈತ ಇನ್ನೂ ಬದುಕಿದ್ದಾನೆ, ನಿನ್ನ ತಾಯಿ ಹೋಗಿ ಅವನ ಕ್ಷಮೆ ಕೇಳಲಿ.”