ತಂಬಿಗೆಯ ಮೇಲಿನ ಹೆಸರು

"ಗುರುಗಳೇ, ಕಾಲೇಜಿಗೆ ಹೊರಟ ಮಗುವಿಗೆ ಏನು ಉಡುಗೊರೆ ಕೊಟ್ಟರೆ ಅದು ಕೊನೆಯವರೆಗೂ ನೆನಪಿನಲ್ಲಿ ಉಳಿಯುತ್ತದೆ?"

ಕೇಳಿದವನು ಕಲ್ಲಿನಾಥ. ಪೇಟೆಯಲ್ಲಿ ಅವನದೊಂದು ಬಟ್ಟೆ ಅಂಗಡಿ. ಸೋಮವಾರ ಅಂಗಡಿಗೆ ರಜೆ. ಆ ದಿನ ಗುರುಗಳ ಬಳಿ ಬಂದು ಕೂರುವುದು ಅವನ ರೂಢಿ. ಸಾಮಾನ್ಯವಾಗಿ ಮೋಕ್ಷ, ಮಾಯೆ ಎಂದು ಏನಾದರೂ ಕೇಳುತ್ತಿದ್ದವನು ಅಂದು ಉಡುಗೊರೆಯ ವಿಷಯ ಎತ್ತಿದ್ದು ಗುರುಗಳಿಗೆ ಹೊಸದೆನಿಸಿತು.

"ಯಾರ ಮಗು?" ಎಂದರು.

"ನಮ್ಮ ಅಕ್ಕನ ಮಗಳು. ನಾನು ಓದಿಸಿದ ಹುಡುಗಿ. ಭಾವ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ನಾನೇ. ಈಗ ಪಿಯುಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದಾಳೆ. ಪೇಪರಿನವರು ಫೋಟೋ ತೆಗೆಯಲು ಬಂದಿದ್ದರು. ನಾನೂ ಪಕ್ಕದಲ್ಲಿ ನಿಂತಿದ್ದೆ. ಸೋದರಮಾವ ಕಲ್ಲಿನಾಥ ಎಂದು ನನ್ನ ಹೆಸರೂ ಅಚ್ಚಾಗಿದೆ."

ಗುರುಗಳು ತಲೆಯಾಡಿಸಿದರು. ಕಲ್ಲಿನಾಥ ಇನ್ನಷ್ಟು ಹತ್ತಿರ ಸರಿದು ಕೂತ.

"ಸೂಟ್‌ಕೇಸ್ ಕೊಡೋಣವೆಂದರೆ ಅದು ಹರಿದುಹೋಗುತ್ತದೆ. ಪೆನ್ನು ಕಳೆದುಹೋಗುತ್ತದೆ. ಗಡಿಯಾರವೇ ವಾಸಿ ಅನಿಸಿದೆ. ಅದರ ಹಿಂಬದಿಗೆ ನನ್ನ ಹೆಸರು ಕೊರೆದು ಕೊಡುವುದಾಗಿ ಗಡಿಯಾರದ ಅಂಗಡಿಯವನು ಹೇಳಿದ್ದಾನೆ. ಹಾಗೆ ಮಾಡಲೇ? ದೊಡ್ಡ ಊರಿಗೆ ಹೋಗುತ್ತಿದ್ದಾಳೆ, ಗುರುಗಳೇ. ನಾನು ಓದಿಸಿದ ಹುಡುಗಿ ನನ್ನನ್ನೇ ಮರೆತುಬಿಟ್ಟರೆ?"

 ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಮನೆಯಲ್ಲಿ ಓಡಾಡಿದ ಪುಟ್ಟ ಕಾಲು ಅದೊಂದೇ. ಆ ಭಯ ನಿಜವಾದದ್ದು ಎಂದು ಗುರುಗಳಿಗೂ ಗೊತ್ತಾಯಿತು. ಅವರು ಕೊರೆಸು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ತಂದೆಯಿಲ್ಲದ ಸೋದರ ಸೊಸೆಯನ್ನು ತನ್ನ ಮನೆಯಲ್ಲೇ ಬೆಳೆಸಿದ. ಹುಡುಗಿ ಚುರುಕು. ವೈದ್ಯ ಕಲಿಯಬೇಕೆಂದು ಅವಳಿಗೆ ಆಸೆ. ದೂರದ ಪಟ್ಟಣದಲ್ಲಿ ಒಬ್ಬ ಪಂಡಿತರ ಪಾಠಶಾಲೆ ಇತ್ತು. ಅವರು ಅವಳನ್ನು ಪರೀಕ್ಷಿಸಿ, ಸೇರಿಸಿಕೊಳ್ಳಲು ಒಪ್ಪಿದರು. ವ್ಯಾಪಾರಿಯ ಸಂತೋಷಕ್ಕೆ ಮಿತಿಯೇ ಇರಲಿಲ್ಲ.

ಹೊರಡುವ ಮುನ್ನ ಅವಳಿಗೆ ಏನಾದರೂ ಕೊಡಬೇಕು. ವ್ಯಾಪಾರಿ ತುಂಬ ಯೋಚಿಸಿದ. ತಿಂಡಿ ಕೊಟ್ಟರೆ ತಿಂದು ಮುಗಿಯುತ್ತದೆ. ಸೀರೆ ಕೊಟ್ಟರೆ ಹಳತಾಗುತ್ತದೆ. ದಿನವೂ ಕೈಗೆ ಬರುವ ವಸ್ತುವಾದರೆ ದಿನವೂ ನೆನಪಾಗುತ್ತದೆ. ಹೀಗೆಂದುಕೊಂಡು ಒಂದು ಒಳ್ಳೆಯ ತಾಮ್ರದ ತಂಬಿಗೆ ಕೊಂಡ. ಅದನ್ನು ಕಂಚುಗಾರನ ಬಳಿ ಒಯ್ದು, ಹೆಸರು ಕೊರೆದುಕೊಡು ಎಂದ.

"ಯಾರ ಹೆಸರು?" ಎಂದು ಕಂಚುಗಾರ ಕೇಳಿದ.

"ಕೊಡುವವನು ನಾನು. ನನ್ನದೇ."

ಕಂಚುಗಾರ ತಂಬಿಗೆಯ ಕಂಠದ ಸುತ್ತ ವ್ಯಾಪಾರಿಯ ಹೆಸರು ಕೊರೆದ. ಇನ್ನೂ ಒಂದಿಷ್ಟು ಜಾಗ ಉಳಿಯಿತು. ಅಲ್ಲಿ ಹುಡುಗಿಯ ಹೆಸರು ಹಿಡಿಸುತ್ತಿತ್ತು. ವ್ಯಾಪಾರಿ ಅಲ್ಲಿಗೆ ತನ್ನ ಊರಿನ ಹೆಸರು ಹಾಕಿಸಿದ.

ಹುಡುಗಿ ತಂಬಿಗೆಯನ್ನು ಕಣ್ಣಿಗೊತ್ತಿಕೊಂಡು ಹೊರಟಳು. ವ್ಯಾಪಾರಿ ಊರ ಬಾಗಿಲ ತನಕ ಹೋಗಿ, ಗಾಡಿ ಕಣ್ಮರೆಯಾಗುವವರೆಗೂ ನಿಂತು, ಮನೆಗೆ ಬಂದು ಅತ್ತ.

ಸ್ವಲ್ಪ ದಿನವಾಯಿತು. ಒಬ್ಬ ಗಾಡಿಯವನು ಅಂಗಡಿಯ ಮುಂದೆ ಇಳಿದು, ಕಟ್ಟೆಯ ಮೇಲೆ ತಂಬಿಗೆ ಇಟ್ಟ. "ಧಣಿ, ನಿಮ್ಮ ತಂಬಿಗೆ ಪಟ್ಟಣದಲ್ಲಿ ಸಿಕ್ಕಿತು. ಹೆಸರು ನೋಡಿ ತಂದೆ" ಎಂದ. ವ್ಯಾಪಾರಿಗೆ ಹಿಗ್ಗೋ ಹಿಗ್ಗು. ಪಾಪದ ಹುಡುಗಿ ಎಲ್ಲೋ ಮರೆತಿರಬೇಕು, ಹೆಸರು ಹಾಕಿಸಿದ್ದಕ್ಕೆ ಉಳಿಯಿತು ಎಂದು ನೆರೆಯವರಿಗೆಲ್ಲ ಹೇಳಿಕೊಂಡ. ಗಾಡಿಯವನಿಗೆ ಊಟ ಹಾಕಿಸಿ, ಎಲೆ ಅಡಿಕೆ ಕೊಟ್ಟು ಕಳಿಸಿದ. ತಂಬಿಗೆ ಹೇಗೆ ಸಿಕ್ಕಿತು ಎಂದು ಮಾತ್ರ ಕೇಳಲಿಲ್ಲ. ತನ್ನ ಆಳಿನ ಕೈಯಲ್ಲಿ ಅದನ್ನು ಹುಡುಗಿಗೆ ಮತ್ತೆ ಕಳಿಸಿಕೊಟ್ಟ.

ಮುಂದಿನ ಹುಣ್ಣಿಮೆಯ ಹೊತ್ತಿಗೆ ತಂಬಿಗೆ ಮತ್ತೆ ಬಂತು. ಈ ಸಲ ತಂದವನು ಛತ್ರದ ಪಾರುಪತ್ಯಗಾರ. ವ್ಯಾಪಾರಿ ಅವನಿಗೂ ಊಟ ಹಾಕಿಸಿ, ತಂಬಿಗೆಯನ್ನು ಮತ್ತೆ ಹುಡುಗಿಗೆ ಕಳಿಸಿದ. ಮಳೆಗಾಲ ಮುಗಿದ ಮೇಲೆ ಬಳೆಗಾರನೊಬ್ಬ ಬಂದು, ಬಳೆಯ ಮಲಾರದ ನಡುವಿನಿಂದ ಅದೇ ತಂಬಿಗೆಯನ್ನು ಎತ್ತಿ ಕೊಟ್ಟ.

ಇಲ್ಲಿ ಕಲ್ಲಿನಾಥನಿಗೆ ತಡೆಯಲಾಗಲಿಲ್ಲ. ಹುಡುಗಿ ಮಾರಿಕೊಂಡಳೋ, ಬೇಡವೆಂದು ಎಸೆದಳೋ, ಅಥವಾ ಅಷ್ಟು ಮರೆಗುಳಿಯೋ? ಒಂದೊಂದನ್ನೂ ಮನಸ್ಸಿನಲ್ಲಿ ತೂಗಿ ನೋಡಿದ. ಯಾವುದೂ ಸರಿಹೊಂದಲಿಲ್ಲ.

"ಮಾರಿದಳೇ, ಗುರುಗಳೇ?"

ವ್ಯಾಪಾರಿಗೂ ಅದೇ ಅನುಮಾನ ಬಂತು ಎಂದು ಗುರುಗಳು ಮುಂದುವರಿಸಿದರು. ಅವನ ಹಿಗ್ಗು ಇಳಿದು ಸಿಟ್ಟು ಏರಿತು. ಪ್ರೀತಿಯಿಂದ ಕೊಟ್ಟದ್ದನ್ನು ಬೀದಿಪಾಲು ಮಾಡುವವಳಿಗೆ ವಿದ್ಯೆ ಯಾಕೆ? ಇವತ್ತೇ ಹೋಗಿ ಮನೆಗೆ ಕರೆತರುತ್ತೇನೆ ಎಂದು ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟ.

ಪಾಠಶಾಲೆಯ ಜಗಲಿಯ ಮೇಲೆ ಪಂಡಿತರು ಪಾಠ ಹೇಳುತ್ತಿದ್ದರು. ಮಕ್ಕಳೆಲ್ಲ ಅವರ ಮುಂದೆ ಕೂತಿದ್ದರು. ಹುಡುಗಿ ಮಾತ್ರ ಕೆಳಗೆ ಅಂಗಳದಲ್ಲಿ ಒಬ್ಬಳೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಸೊರಗಿದ್ದಳು. ಮಾವನನ್ನು ಕಂಡದ್ದೇ ಎದ್ದು ನಿಂತಳು.

ಪಂಡಿತರ ಕಣ್ಣು ಹೋದದ್ದು ತಂಬಿಗೆಯ ಮೇಲೆ. "ಇದು ಯಾರದು?" ಎಂದರು.

"ನನ್ನದು. ನೋಡಿ, ಹೆಸರೇ ಇದೆ" ಎಂದ ವ್ಯಾಪಾರಿ.

ಪಂಡಿತರು ಹುಡುಗಿಯ ಕಡೆ ತಿರುಗಿದರು. ಅವಳು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟತೊಡಗಿದಳು. ನಾನು ಬಾಯಿ ಬಿಡುವ ಮೊದಲೇ ಹೊರಟು ನಿಂತಳಲ್ಲ ಎಂದು ವ್ಯಾಪಾರಿಗೆ ಆಶ್ಚರ್ಯವಾಯಿತು.

ಆಗ ಪಂಡಿತರು ಹೇಳಿದರು. "ನೀವು ಬಂದದ್ದು ಒಳ್ಳೆಯದಾಯಿತು. ಬಡ ಹುಡುಗಿಯ ಕೈಯಲ್ಲಿ ಯಾರೋ ವ್ಯಾಪಾರಿಯ ತಂಬಿಗೆ ನೋಡಿ, ಕದ್ದದ್ದೆಂದು ಜನ ಕೆರೆಯ ಮೆಟ್ಟಿಲ ಮೇಲೆ ಬಿಡಿಸಿಕೊಂಡು, ಹೆಸರಿನ ಒಡೆಯನಿಗೆ ಕಳಿಸಿದರು. ಕೆಲವೇ ದಿನಕ್ಕೆ ಅದು ಮತ್ತೆ ಇವಳ ಕೈಯಲ್ಲಿತ್ತು. ಮತ್ತೆ ಕದ್ದಳೆಂದು ಮತ್ತೆ ಕಿತ್ತುಕೊಂಡರು. ಆಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಓಡಾಡಿದಳು. ಸುತ್ತಿದ್ದಕ್ಕೇ ಅನುಮಾನ ಗಟ್ಟಿಯಾಗಿ ಮೂರನೆಯ ಸಲವೂ ಕಿತ್ತುಕೊಂಡರು. ಮಾವ ಕೊಟ್ಟದ್ದು ಎನ್ನುತ್ತಾಳೆ. ಕೊಟ್ಟವನು ತನ್ನ ಹೆಸರನ್ನು ಯಾಕೆ ಬಿಟ್ಟುಕೊಡಲಿಲ್ಲ ಎಂದರೆ ತಲೆ ತಗ್ಗಿಸುತ್ತಾಳೆ. ಒಡೆಯರೇ ಬಂದು ಹೇಳಲಿ, ಅಲ್ಲಿಯವರೆಗೆ ಅಂಗಳದಲ್ಲಿ ಕೂತು ಕಲಿ ಎಂದಿದ್ದೆ. ಈಗ ನೀವೇ ಬಂದು ಹೇಳಿದಿರಿ."

 ಇಬ್ಬರು ಪ್ರಾಮಾಣಿಕರಿಗೆ ಊಟ ಹಾಕಿಸಿದ್ದು ವ್ಯಾಪಾರಿಗೆ ನೆನಪಾಯಿತು. "ಅಯ್ಯೋ, ಇದು ಅವಳದೇ! ನಾನೇ ಕೊಟ್ಟದ್ದು! ಇವಳು ನನ್ನ ಅಕ್ಕನ ಮಗಳು!" ಎಂದು ಕೂಗಿದ. ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ತಾನೇ ತನ್ನದು ಎಂದವನು ಇವನೇ ಅಲ್ಲವೇ? ಮುದುಕನಿಗೆ ಹುಡುಗಿಯ ಮೇಲೆ ಕನಿಕರ ಬಂದು ಸುಳ್ಳು ಹೇಳುತ್ತಿದ್ದಾನೆ ಎಂದರು.

ಅವನು ಆಣೆ ಇಟ್ಟ. ಯಾರೂ ನಂಬಲಿಲ್ಲ. ಕಣ್ಣೀರು ಹಾಕಿದ. ಆಗಲೂ ನಂಬಲಿಲ್ಲ. ಕೊಟ್ಟದ್ದನ್ನು ಕೊಟ್ಟೆ ಎಂದು ನಂಬಿಸುವುದು ಇಷ್ಟು ಕಷ್ಟವೆಂದು ಅವನಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಕೊನೆಗೆ ಪಕ್ಕದ ಕಮ್ಮಾರನ ಮನೆಯಿಂದ ಒಂದು ಅರ ಇಸಿದುಕೊಂಡು ಬಂದ. ಎಲ್ಲರ ಎದುರಿಗೆ ಕೂತು, ತಂಬಿಗೆಯ ಕಂಠದಲ್ಲಿದ್ದ ತನ್ನ ಹೆಸರನ್ನು ತಾನೇ ಉಜ್ಜತೊಡಗಿದ.  ಊರಿನ ಹೆಸರು ಹೋಯಿತು, ಆಮೇಲೆ ಅವನ ಹೆಸರು ಹೋಯಿತು. ಕೊನೆಯ ಅಕ್ಷರ ಅಳಿದ ಮೇಲೆ ಪಂಡಿತರು ಎದ್ದು ಬಂದು, "ಈಗ ಕೊಟ್ಟಿರಿ" ಎಂದರು.

ವ್ಯಾಪಾರಿ ಹುಡುಗಿಯನ್ನು ಕೇಳಿದ. "ಆಳಿನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಬಾರದಿತ್ತೇ, ಮಗಳೇ?"

"ಅಷ್ಟು ಆಸೆಪಟ್ಟು ಹೆಸರು ಹಾಕಿಸಿದ್ದೆಯಲ್ಲ, ಮಾವ. ನಿನಗೆ ನೋವಾಗುತ್ತದೆ ಎಂದುಕೊಂಡೆ."

ಅವಳು ಗಂಟನ್ನು ಬಿಚ್ಚಿಟ್ಟು, ತಂಬಿಗೆ ಹಿಡಿದು ಕೆರೆಗೆ ಹೋಗಿ ನೀರು ತಂದಳು. ಮಾವನಿಗೆ ಕುಡಿಯಲು ಕೊಟ್ಟು, ಜಗಲಿ ಹತ್ತಿ ಎಲ್ಲರ ಜೊತೆ ಪಾಠಕ್ಕೆ ಕೂತಳು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು.

 ಹುಡುಗಿ ಅಂಗಳದಲ್ಲಿ ಒಬ್ಬಳೇ ಕೂತದ್ದು ಕಲ್ಲಿನಾಥನ ಕಣ್ಣ ಮುಂದಿನಿಂದ ಹೋಗಲೊಲ್ಲದು. ಆಮೇಲೆ ನಿಧಾನವಾಗಿ ಅವನ ಮುಖ ಅರಳಿತು. ಬಂದ ಕೆಲಸ ಆಯಿತು ಎಂಬ ಸಮಾಧಾನದಲ್ಲಿ ಎದ್ದು ಕೈಮುಗಿದ.

"ಅರ್ಥವಾಯಿತು, ಗುರುಗಳೇ. ಗಡಿಯಾರವನ್ನೇ ಕೊಡುತ್ತೇನೆ. ಆದರೆ ಹೆಸರು ಖಂಡಿತ ಕೊರೆಸುವುದಿಲ್ಲ. ನಾನು ಓದಿಸಿದ ಹುಡುಗಿ ಅದನ್ನು ನಿಶ್ಚಿಂತೆಯಾಗಿ ಕಟ್ಟಿಕೊಂಡು ಓಡಾಡಲಿ."

ಗುರುಗಳು ಅವನ ಮುಖವನ್ನೇ ನೋಡಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ಎಲ್ಲ ಸರಿ, ಕಲ್ಲಿನಾಥ, ಬಂದಾಗಿನಿಂದ ನೀನು ಹೇಳಲೇ ಇಲ್ಲವಲ್ಲ, ಆ ಮಗುವಿನ ಹೆಸರೇನು?"