ಕುಂಕುಮ ಹಚ್ಚಿದ ಬಾಚಿ

ಹೊಳೆಯ ದಂಡೆಯಲ್ಲಿ ಎರಡು ಗುಡಿಸಲು, ಒಂದು ಒಲೆ, ಒಂದು ಹುಣಸೆಮರ. ಆಶ್ರಮ ಎಂದರೆ ಅಷ್ಟೆ. ಅಲ್ಲಿದ್ದ ಮುದುಕಿಯನ್ನು ಎಲ್ಲರೂ ಅವ್ವ ಎಂದು ಕರೆಯುತ್ತಿದ್ದರು.

ಒಂದು ಮುಂಜಾನೆ ಕಾಳಮ್ಮ ಎಂಬ ಹೆಂಗಸು ದೋಣಿಯಿಂದ ಇಳಿದಳು. ಅವಳು ತೀರಿಹೋದ ಬಡಗಿಯೊಬ್ಬನ ಮಗಳು. ಜೊತೆಗೆ ಒಂದು ತೇಗದ ಪೆಟ್ಟಿಗೆ. ಅದರ ಬೀಗದ ಕೈ ಅವಳ ಕೊರಳ ದಾರದಲ್ಲಿತ್ತು.

ಅಂಬಿಗ ಜವರಯ್ಯ ಪೆಟ್ಟಿಗೆ ಇಳಿಸಲು ಕೈಹಾಕಿದ.

"ಮುಟ್ಟಬೇಡಿ!"

"ನಾನೇನು ತಿಂದುಬಿಡ್ತೀನಾ ತಾಯಿ? ಇದರ ಭಾರಕ್ಕೆ ದೋಣಿ ಅರ್ಧ ಮುಳುಗಿತ್ತು. ಹುಟ್ಟು ಹಾಕಿದೋನು ನಾನು."

ಕಾಳಮ್ಮ ಪೆಟ್ಟಿಗೆಯನ್ನು ತಾನೇ ತಲೆಗೇರಿಸಿಕೊಂಡು ಬಂದು ಅವ್ವನ ಮುಂದೆ ಇಳಿಸಿದಳು.

"ಇಲ್ಲೇ ಇರೋಕೆ ಬಂದಿದ್ದೀನಿ ಅವ್ವ. ನನ್ನನ್ನ ಶಿಷ್ಯೆ ಮಾಡ್ಕೊಳ್ಳಿ."

"ಪೆಟ್ಟಿಗೇನೂ ಶಿಷ್ಯೆ ಆಗುತ್ತಾ?"

"ಇದರಲ್ಲಿ ನಮ್ಮಪ್ಪನ ಹತಾರ ಇದೆ. ಮರ ಕೆತ್ತೋ ಬಾಚಿ, ಉಳಿ, ಗರಗಸ, ಎಲ್ಲಾ."

"ಅಪ್ಪ ಹೋಗಿ ಎಷ್ಟು ದಿನ ಆಯ್ತು?"

"ಹನ್ನೊಂದು ವರ್ಷ."

"ನೀನು ಮರಗೆಲಸ ಮಾಡ್ತೀಯಾ?"

"ಇಲ್ಲ. ನಮ್ಮ ಮನೇಲಿ ಹೆಣ್ಣುಮಕ್ಕಳು ಉಳಿ ಮುಟ್ಟೋ ಹಾಗಿರಲಿಲ್ಲ. ಅಪ್ಪ ಹರಿತ ಮಾಡುವಾಗ ಸಾಣೆಕಲ್ಲಿಗೆ ನೀರು ಹುಯ್ಯೋದಷ್ಟೇ ನನ್ನ ಕೆಲಸ. ಅಪ್ಪ ಹೋದಮೇಲೆ ಅಣ್ಣಂದಿರು ಇದನ್ನ ಗುಜರಿಗೆ ಹಾಕೋಕೆ ಹೊರಟರು. ನಾನು ಕಿತ್ಕೊಂಡೆ."

"ಒಳ್ಳೇದು ಮಾಡಿದೆ. ಆಮೇಲೆ?"

"ಆಮೇಲೆ ಏನು? ವರ್ಷಾ ವರ್ಷಾ ಆಯುಧಪೂಜೆ ಮಾಡ್ತೀನಿ. ಅರಿಶಿನ ಕುಂಕುಮ ಹಚ್ಚಿ, ಹೂ ಇಟ್ಟು, ಮತ್ತೆ ಬೀಗ ಹಾಕ್ತೀನಿ. ಒಂದು ವರ್ಷಾನೂ ತಪ್ಪಿಸಿಲ್ಲ."

ಕಾಳಮ್ಮನ ಮುಖದಲ್ಲಿ ಹೆಮ್ಮೆಯಿತ್ತು. ಅವ್ವ ಬೀಗವನ್ನು ನೋಡಿದರು.

"ಇಲ್ಲಿ ಯಾವುದಕ್ಕೂ ಬೀಗ ಇಲ್ಲ. ಆಯುಧಪೂಜೆಗೆ ಇನ್ನು ಎಂಟು ದಿನ ಇದೆ. ಅಷ್ಟರಲ್ಲಿ ಈ ಹತಾರಕ್ಕೆ ಒಂದು ದಾರಿ ಮಾಡು. ಮಾಡಿದರೆ ಇರು. ಆಗದಿದ್ದರೆ ಪೆಟ್ಟಿಗೆ ಹೊತ್ಕೊಂಡು ಅದೇ ದೋಣಿ ಹತ್ತು."

ಕಾಳಮ್ಮ ಬಾಡಿಗೆಗಿದ್ದ ಕೋಣೆಯನ್ನೂ ಬಿಟ್ಟು ಬಂದಿದ್ದಳು. ಆಚೆ ದಡದಲ್ಲಿ ಅವಳಿಗೆ ಮನೆಯಿರಲಿಲ್ಲ.

ಮರುದಿನ ಕೇಳಿದಳು.

"ಅವ್ವ, ಅಪ್ಪನ ಹೆಸರಲ್ಲಿ ಒಬ್ಬ ಒಳ್ಳೆ ಬಡಗಿಗೆ ಕೊಟ್ಟುಬಿಡಲೇ?"

"ಕೊಡು. ಯಾರಿದ್ದಾರೆ?"

"ಒಬ್ಬ ಇದ್ದಾನೆ. ಆದರೆ ಕುಡೀತಾನೆ."

"ಇನ್ನೊಬ್ಬ?"

"ಅವನದು ಮಾತು ಜಾಸ್ತಿ."

"ಮತ್ತೊಬ್ಬ?"

"ಅವನಿಗೆ ನಮ್ಮಪ್ಪನ್ನ ಕಂಡರೆ ಹೊಟ್ಟೆಕಿಚ್ಚು ಇತ್ತು."

ಅವ್ವ ನಕ್ಕುಬಿಟ್ಟರು. "ಹತಾರಕ್ಕೆ ಬಡಗಿ ಹುಡುಕ್ತಿದ್ದೀಯೋ, ಮಗಳಿಗೆ ಗಂಡು ಹುಡುಕ್ತಿದ್ದೀಯೋ?"

ಮೂರನೆಯ ದಿನ ಮತ್ತೆ ಬಂದಳು.

"ಪಟ್ಟಣದ ಹೋಟೆಲಿನವರು ಕೇಳಿದ್ದರು. ಗೋಡೆಗೆ ತೂಗುಹಾಕಿ, ಮೇಲೆ ದೀಪ ಹಾಕ್ತಾರಂತೆ. ಚೆನ್ನಾಗಿ ನೋಡ್ಕೋತಾರೆ."

"ಪೆಟ್ಟಿಗೆಯೊಳಗೆ ಕತ್ತಲಲ್ಲಿತ್ತು. ಅಲ್ಲಿ ಬೆಳಕಲ್ಲಿರುತ್ತೆ. ಬೇರೆ ಏನು ವ್ಯತ್ಯಾಸ?"

ಕಾಳಮ್ಮ ಎದ್ದು ಹೊರಟುಹೋದಳು.

ಐದನೆಯ ದಿನ ಅವಳ ಕಣ್ಣು ಕೆಂಪಾಗಿತ್ತು.

"ಹೊಳೆಗೆ ಬಿಟ್ಟುಬಿಡ್ತೀನಿ ಅವ್ವ. ಮುಕ್ಕಾದ ದೇವರನ್ನ ಬಿಡೋದಿಲ್ವಾ, ಹಾಗೆ. ಯಾರ ಕೈಗೂ ಸಿಗೋದು ಬೇಡ."

"ಹೊಳೆಗೆ ಬಿಡೋದು ಒಂದು ಇದೆ, ನಿಜ. ಅದು ಯಾವುದು ಅಂತ ನಿನಗಿನ್ನೂ ಗೊತ್ತಾಗಿಲ್ಲ. ಮೊದಲು ಪೆಟ್ಟಿಗೆ ತೆಗೆ."

ಕಾಳಮ್ಮ ಬೀಗ ತೆಗೆದಳು. ಕರ್ಪೂರದ ವಾಸನೆ ಬಂತು. ಒಂದೊಂದು ಹತಾರಕ್ಕೂ ಒಂದೊಂದು ಬಟ್ಟೆ ಸುತ್ತಿತ್ತು. ಎಲ್ಲಕ್ಕಿಂತ ಮೇಲೆ ಅಪ್ಪನ ಬಾಚಿ. ಅದರ ಅಲಗಿನ ಮೇಲೆ ಹನ್ನೊಂದು ವರ್ಷದ ಕುಂಕುಮ ಪದರಪದರವಾಗಿ ಗಟ್ಟಿಕಟ್ಟಿತ್ತು.

ಅವ್ವ ಬಾಚಿಯನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು. ನೇರ ಒಲೆಯ ಬಳಿ ಹೋಗಿ, ಒಂದು ತೆಂಗಿನಕಾಯಿಯನ್ನು ಕಲ್ಲಿನ ಮೇಲಿಟ್ಟು, ಬಾಚಿಯಿಂದ ಒಂದೇಟು ಹಾಕಿದರು.

"ಅಯ್ಯೋ! ಏನ್ ಮಾಡ್ತಿದ್ದೀರಿ! ಅದು ಮರಕ್ಕೆ!"

"ಹೌದಾ? ನಾನು ಕುಂಕುಮಕ್ಕೆ ಅಂದ್ಕೊಂಡಿದ್ದೆ."

ಏಟಿಗೆ ಕುಂಕುಮದ ಹೊಪ್ಪಳೆ ಉದುರಿತ್ತು. ಅದರ ಕೆಳಗೆ ಕಬ್ಬಿಣವನ್ನು ತುಕ್ಕು ತಿಂದಿತ್ತು. ಕಾಳಮ್ಮ ಬಾಚಿಯನ್ನು ಕಿತ್ತುಕೊಂಡು ಸೆರಗಿನಿಂದ ಒರೆಸಿದಳು. ಸೆರಗು ಕೆಂಪಾಯಿತು. ಅದರಲ್ಲಿ ಕುಂಕುಮ ಎಷ್ಟು, ತುಕ್ಕು ಎಷ್ಟು ಎಂದು ಅವಳಿಗೆ ತಿಳಿಯಲಿಲ್ಲ.

"ತಲೆ ಅಲ್ಲಾಡ್ತಿದೆ. ಹಿಡಿ ಸೀಳಿದೆ," ಎಂದರು ಅವ್ವ. "ಹೊಸ ಹಿಡಿ ಬೇಕು."

"ಅದು ಮಾತ್ರ ಆಗಲ್ಲ. ಇದು ಅಪ್ಪನ ಕೈ ಸವೆಸಿದ ಹಿಡಿ. ಇಲ್ಲಿ ನೋಡಿ, ಅವರ ಹೆಬ್ಬೆರಳು ಕೂರುತ್ತಿದ್ದ ಗುಳಿ. ಇದನ್ನ ಕಿತ್ತರೆ ಅಪ್ಪ ಎಲ್ಲಿರ್ತಾರೆ?"

ಅವ್ವ ಒಡೆದ ಕಾಯಿಯ ಒಂದು ಚೂರನ್ನು ಅವಳ ಕೈಗಿಟ್ಟರು.

"ಕಿತ್ತು ನೋಡು," ಎಂದರು.

ಆ ದಿನವೆಲ್ಲ ಕಾಳಮ್ಮ ಬಾಚಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಮರುದಿನ ಬೆಳಿಗ್ಗೆ ಹಲ್ಲುಕಚ್ಚಿ, ಕೊಡತಿಯಿಂದ ಹೊಡೆದು ಹಿಡಿಯನ್ನು ಕಳಚಿದಳು.

ತಲೆ ಅಲ್ಲಾಡದಂತೆ ಹಿಡಿಯ ತುದಿಗೆ ಬಡಿದಿದ್ದ ಬೆಣೆಯೂ ಜೊತೆಗೆ ಬಂತು. ಹಿಡಿ ಕೆಂಚು ಬಣ್ಣದ ಜಾಲಿ. ಬೆಣೆ ಬೇರೆ ಮರ, ಕಪ್ಪಗೆ, ತುಂಬ ಹಳೆಯದು. ಅದರ ಮೂರು ಮಗ್ಗುಲು ಒರಟು. ಒಂದು ಮಗ್ಗುಲು ಮಾತ್ರ ಸಾವಿರಾರು ಸಲ ಅಂಗೈ ಉಜ್ಜಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

ಅದು ಇನ್ನೊಂದು ಹಿಡಿಯಿಂದ ಸೀಳಿದ ಚೂರು ಎಂದು ಕಾಳಮ್ಮನಿಗೆ ಹೊಳೆಯಿತು. ಅಪ್ಪನ ಬಾಚಿ ಮೊದಲು ತಾತನದಾಗಿತ್ತು. ತಾತನ ಹಿಡಿಯನ್ನು ಸೀಳಿ, ಅಪ್ಪ ತನ್ನ ಹಿಡಿಗೆ ಬೆಣೆ ಮಾಡಿಕೊಂಡಿದ್ದ. ಈ ಪದ್ಧತಿಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೆಣ್ಣುಮಕ್ಕಳಿಗೆ ಅದನ್ನು ಹೇಳುತ್ತಿರಲಿಲ್ಲ.

ಕಾಳಮ್ಮ ಓಡಿಬಂದು ಬೆಣೆಯನ್ನು ಅವ್ವನ ಕೈಯಲ್ಲಿಟ್ಟು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

ಅವ್ವ ಬೆಣೆಯನ್ನು ಬೆರಳಿನಿಂದ ಸವರಿ ವಾಪಸು ಕೊಟ್ಟರು.

"ಹುಣಸೆಮರದಲ್ಲಿ ಒಂದು ಕೊಂಬೆ ಒಣಗಿ ನಿಂತಿದೆ," ಎಂದರು.

ಕಾಳಮ್ಮ ಕೊಂಬೆ ಕಡಿದಳು. ಪೆಟ್ಟಿಗೆಯಲ್ಲಿದ್ದ ಸಾಣೆಕಲ್ಲಿಗೆ ತಾನೇ ನೀರು ಹುಯ್ದು, ತಾನೇ ಬಾಚಿ ಮಸೆದಳು. ಅಪ್ಪ ಮಸೆಯುವಾಗ ಬರುತ್ತಿದ್ದ ಸದ್ದು ಕಿವಿಯಲ್ಲಿತ್ತು. ಆ ಸದ್ದು ಬರುವವರೆಗೂ ಬಿಡಲಿಲ್ಲ. ಆಮೇಲೆ ಉಳಿಗಳನ್ನೂ ಮಸೆದು, ಹಿಡಿ ಕೆತ್ತಲು ಕುಳಿತಳು. ಮೊದಲನೆಯ ಹಿಡಿ ದಪ್ಪವಾಯಿತು. ಎರಡನೆಯದು ಸೀಳಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಮರವನ್ನೂ ಉಳಿಯನ್ನೂ ಅಣ್ಣಂದಿರನ್ನೂ ಸೇರಿಸಿ ಬೈದಳು.

"ಯಾವ ಮಂತ್ರ ಅದು?" ಎಂದು ಅವ್ವ ಒಲೆಯ ಹತ್ತಿರದಿಂದಲೇ ಕೇಳಿದರು.

"ನಮ್ಮ ಮನೆಯದು!"

"ಚೆನ್ನಾಗಿದೆ. ನಿಲ್ಲಿಸಬೇಡ."

ಮೂರನೆಯ ಹಿಡಿ ಅವಳ ಕೈಗೆ ಕೂತಿತು. ಅಪ್ಪನ ಹಿಡಿಯನ್ನು ಹೆಬ್ಬೆರಳ ಗುಳಿಯ ಹತ್ತಿರ ಸೀಳಿ ಬೆಣೆ ಮಾಡಿದಳು. ಬಡಿಯುವಾಗ ಕಣ್ಣು ಮಂಜಾಗಿತ್ತು. ಏಟು ಮಾತ್ರ ತಪ್ಪಲಿಲ್ಲ.

ಆಯುಧಪೂಜೆ ಬಂತು. ಕಾಳಮ್ಮ ಹತಾರಗಳನ್ನು ಎಣ್ಣೆ ಹಚ್ಚಿ ಒರೆಸಿ, ಮರದ ಕೆಳಗೆ ಸಾಲಾಗಿ ಜೋಡಿಸಿ, ಕುಂಕುಮವಿಟ್ಟಳು. ಬಾಚಿಯ ಮೇಲೆ ಒಂದು ಚೆಂಡುಹೂವು ಇಟ್ಟು ಕೈಮುಗಿದಳು.

ಅಷ್ಟರಲ್ಲಿ ಜವರಯ್ಯ ಏದುಸಿರು ಬಿಡುತ್ತ ಬಂದ. ಹೆಗಲ ಮೇಲೆ ಒಂದು ಹಲಗೆಯಿತ್ತು.

"ಅವ್ವಾ, ಹುಟ್ಟು ಬಂಡೆಗೆ ಬಡಿದು ಎರಡು ಹೋಳಾಯ್ತು. ಆಚೆ ದಡದಲ್ಲಿ ಬಾಣಂತಿ ಕೂಸನ್ನ ಎತ್ಕೊಂಡು ಬಿಸಿಲಲ್ಲಿ ನಿಂತಿದ್ದಾಳೆ. ಈ ಹಲಗೇಲಿ ಒಂದು ಹುಟ್ಟು ಕೆತ್ತೋಕೆ ಏನಾದರೂ..."

ಅವನ ಕಣ್ಣಿಗೆ ಬಾಚಿ ಬಿತ್ತು. ಅದರ ಮೇಲಿನ ಹೂವೂ ಬಿತ್ತು.

"ಓ, ಇವತ್ತು ಹಬ್ಬ. ಪೂಜೆಗಿಟ್ಟ ಹತಾರ ಎತ್ತೋ ಹಾಗಿಲ್ಲ. ಅದೂ ಈ ತಾಯಿದು. ಬಿಡಿ, ಬೇರೆ ಎಲ್ಲಾದರೂ ನೋಡ್ತೀನಿ."

ಕಾಳಮ್ಮ ಅವ್ವನ ಕಡೆ ನೋಡಿದಳು. ಅವ್ವ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

ಕಾಳಮ್ಮ ಹೂವನ್ನು ತೆಗೆದು ತಲೆಗೆ ಮುಡಿದಳು. ಕುಂಕುಮವನ್ನು ಸೆರಗಿನಿಂದ ಒರೆಸಿದಳು.

"ಹಲಗೆ ಇಲ್ಲಿ ಹಾಕಿ ಜವರಯ್ಯ. ಗಟ್ಟಿಯಾಗಿ ಹಿಡ್ಕೊಳ್ಳಿ."

ಹೊತ್ತು ನೆತ್ತಿಗೇರುವಷ್ಟರಲ್ಲಿ ಹುಟ್ಟು ಸಿದ್ಧವಾಯಿತು. ಚೆಲುವಾಗಿರಲಿಲ್ಲ. ನೀರು ತಳ್ಳುವ ಹಾಗಿತ್ತು.

ಜವರಯ್ಯ ಎರಡು ಹೆಜ್ಜೆ ಹೋಗಿ ತಿರುಗಿದ. "ತಾಯಿ, ಆಚೆ ದಡದ ಕಟ್ಟೆ ಮೆಟ್ಟಿಲಿನ ಮರಾನೂ ಕಿತ್ತುಹೋಗಿದೆ. ಕೇಳೋಕೆ ಭಯ ಆಗುತ್ತೆ..."

ಕಾಳಮ್ಮ ಬಾಚಿಯನ್ನು ಅವನಿಗೆ ಚಾಚಿದಳು. "ಹಿಡಿ ಹೊಸದು. ಮೊದಲು ಮೆಲ್ಲಗೆ ಹಾಕಿ."

ದೋಣಿ ಹೊರಟಿತು. ಅದು ಆಚೆ ದಡ ಮುಟ್ಟುವವರೆಗೂ ಅವಳು ನೋಡುತ್ತ ನಿಂತಳು.

"ವಾಪಸು ತರ್ತಾನಾ?" ಎಂದು ಅವ್ವ ಬೆನ್ನ ಹಿಂದೆ ಕೇಳಿದರು.

"ತರಬಹುದು. ತರದೇನೂ ಇರಬಹುದು. ಆಚೆ ದಡದಲ್ಲೂ ಮರ ಇದೆಯಲ್ಲ ಅವ್ವ."

ಅವಳು ತಿರುಗಿ ನೋಡಿದಳು. ಅವ್ವ ಆರಿಸಿದ ಅಕ್ಕಿಯನ್ನು ಖಾಲಿ ಪೆಟ್ಟಿಗೆಗೆ ಸುರಿಯುತ್ತಿದ್ದರು.

"ಹಾಗಾದರೆ... ನಾನು ಇರಬಹುದಾ?"

ಅವ್ವ ಅವಳ ಕೊರಳ ದಾರದಿಂದ ಬೀಗದ ಕೈ ಬಿಚ್ಚಿ, ಬೀಗದ ಜೊತೆ ಸೇರಿಸಿ, ಅವಳ ಬೊಬ್ಬೆ ಎದ್ದ ಅಂಗೈಯಲ್ಲಿಟ್ಟರು.

"ಹೊಳೆಗೆ ಬಿಡೋದು ಒಂದು ಇದೆ ಅಂದಿದ್ನಲ್ಲ, ಇದೇ ಅದು. ಬಿಟ್ಟು ಬೇಗ ಬಾ, ಒಲೆ ಹಚ್ಚಬೇಕು."