ಹೆಪ್ಪು ಹಾಕಿದ ಗಡಿಗೆ

"ಗುರುಗಳೇ, ಸುಳ್ಳನ್ನು ಕೆಡವುವುದು ತಪ್ಪೇ?" ಎಂದು ಶಿಷ್ಯ ನಿರಂಜನ ಕೇಳಿದ. ಅವನ ಕೈಯಲ್ಲಿ ಎರಡು ಹಾಳೆಗಳಿದ್ದವು. ಮಠದ ಹಿರಿಯ ಪಂಡಿತರು ತಮ್ಮದೆಂದು ಹೇಳಿಕೊಳ್ಳುವ ಪುಸ್ತಕ ಬೇರೊಬ್ಬರು ಬರೆದದ್ದು ಎಂಬುದಕ್ಕೆ ಅವು ಸಾಕ್ಷಿ. ಮರುದಿನ ಪಂಡಿತರಿಗೆ ಸನ್ಮಾನವಿತ್ತು. ತುಂಬಿದ ಸಭೆಯಲ್ಲಿ ಎದ್ದು ನಿಂತು ಇವನ್ನು ಓದಿಯೇ ಬಿಡುತ್ತೇನೆ ಎಂದು ಅವನು ಪಟ್ಟು ಹಿಡಿದಿದ್ದ.

ಗುರುಗಳು ಹಾಳೆಗಳನ್ನು ಓದಿ ಹಿಂದಕ್ಕೆ ಕೊಟ್ಟರು. ಕೆಡವಬೇಕಾದದ್ದನ್ನು ಕೆಡವಲೇಬೇಕು ಎಂದರು. ಆಮೇಲೆ ಒಂದು ಕತೆ ಹೇಳಿದರು.

ಕಟ್ಟಡ ಕೆಡವುವವನೊಬ್ಬನಿದ್ದ. ಕಂಬಗಳಿಗೆ ತೂತು ಕೊರೆದು, ಸಿಡಿಮದ್ದು ತುಂಬಿ, ಗುಂಡಿ ಒತ್ತಿದನೆಂದರೆ ಇಪ್ಪತ್ತು ಅಂತಸ್ತು ಹತ್ತು ಸೆಕೆಂಡಿನಲ್ಲಿ ನೆಲ ಕಚ್ಚುತ್ತಿತ್ತು. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು.

ಒಮ್ಮೆ, ಕೆರೆಯಂಗಳದಲ್ಲಿ ಕಾನೂನು ಮೀರಿ ಎಬ್ಬಿಸಿದ್ದ ಕಟ್ಟಡವೊಂದನ್ನು ಬೀಳಿಸುವ ಕೆಲಸ ಬಂತು. ಅದರಿಂದ ಹತ್ತು ಮಾರು ದೂರದಲ್ಲಿ ಒಬ್ಬ ಹೆಂಗಸಿನ ಹೆಂಚಿನ ಮನೆಯಿತ್ತು. ಕೆಡವುವ ದಿನಕ್ಕೆ ಇನ್ನೆರಡು ದಿನವಿದೆ ಎನ್ನುವಾಗ, ಅವತ್ತು ಬೆಳಿಗ್ಗೆ ಮನೆ ಬಿಟ್ಟು ದೂರ ಹೋಗಬೇಕು ಎಂದು ತಿಳಿಸಲು ಅವನು ಅಲ್ಲಿಗೆ ಹೋದ. ಅವಳು ಎಲ್ಲಕ್ಕೂ ಹೂಂ ಅಂದಳು. ಕೊನೆಗೆ ಒಂದೇ ಒಂದು ಮಾತು ಕೇಳಿದಳು.

"ಸಂಜೆಗೆ ವಾಪಸ್ ಬರ್ತೀನಲ್ಲಪ್ಪ, ಅವತ್ತು ಹೆಪ್ಪು ಹಾಕಿಟ್ಟು ಹೋಗ್ಲೋ, ಬೇಡವೋ?"

ಅವನಿಗೆ ನಗು ಬಂತು. ಗೋಡೆ ಬಿರುಕು ಬಿಟ್ಟರೂ ಮನೆ ನಿಲ್ಲುತ್ತದೆ, ಅಷ್ಟನ್ನು ಅವನು ಖಚಿತ ಮಾಡಿಕೊಂಡಿದ್ದ. ಗಡಿಗೆಯ ಮೊಸರು ಕದಡುತ್ತದೆಯೇ ಎಂದು ಯೋಚಿಸಿಯೇ ಇರಲಿಲ್ಲ. ಹೊಸಿಲು ದಾಟುವಷ್ಟರಲ್ಲಿ ನಗು ಅಡಗಿತು. ಇಷ್ಟು ವರ್ಷ ಬೀಳುವುದನ್ನಷ್ಟೇ ನೋಡಿದೆ, ಪಕ್ಕದಲ್ಲಿ ಉಳಿಯುವುದನ್ನು ನೋಡಲಿಲ್ಲ ಎಂದು ನಾಚಿಕೆಯಾಯಿತು. ತಿರುಗಿ ಬಂದು, ಹೆಪ್ಪು ಹಾಕಿಯೇ ಹೋಗಮ್ಮ ಎಂದ.

ಕೆಲಸ ಒಂದು ವಾರ ಮುಂದೆ ಹೋಯಿತು. ಒಟ್ಟಿಗೆ ಸಿಡಿಯಬೇಕಿದ್ದ ಮದ್ದನ್ನು ಅವನು ಸಣ್ಣ ಸಣ್ಣ ಪಾಲು ಮಾಡಿ, ಒಂದರ ಹಿಂದೆ ಒಂದು ಸಿಡಿಯುವಂತೆ ಜೋಡಿಸಿದ. ಆ ಮನೆಯ ಕಡೆಯ ಕಂಬಗಳನ್ನು ಕೊನೆಗೆ ಇಟ್ಟುಕೊಂಡ. ನಡುವೆ ಕಂದಕ ತೋಡಿಸಿದ. ಕಟ್ಟಡ ಬೀಳುವ ಜಾಗಕ್ಕೆ ಆಳೆತ್ತರ ಮೆತ್ತನೆಯ ಮಣ್ಣು ಸುರಿಸಿದ. ಒಂದು ಗಡಿಗೆ ಮೊಸರಿಗೆ ಇಷ್ಟೆಲ್ಲ ಪಡಿಪಾಟಲೇ ಎಂದು ಜೊತೆಯವರು ಗೊಣಗಿದರು.

ಕಟ್ಟಡ ಬಿತ್ತು. ಧೂಳು ಇಳಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ಅವನು ಅತ್ತ ತಿರುಗಿಯೂ ನೋಡದೆ ಆ ಹೆಂಗಸಿನ ಜೊತೆ ಅವಳ ಅಡುಗೆಮನೆಗೆ ನಡೆದ. ಅವಳು ಗಡಿಗೆಯ ಮುಚ್ಚಳ ತೆಗೆದಳು. ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅಂಚಿನಲ್ಲಿ ಮಾತ್ರ ಒಂದು ಸಣ್ಣ ಬಿರುಕು ಬಿಟ್ಟಿತ್ತು. ಅದನ್ನು ಕಂಡು ಅವನು ತಲೆ ತಗ್ಗಿಸಿದ.

"ಅಷ್ಟು ನಾನು ಸೌಟು ಹಾಕಿದ್ರೂ ಆಗುತ್ತಪ್ಪ, ಕೂತ್ಕೋ" ಎಂದು ಅವಳು ಅವನಿಗೆ ಅನ್ನ ಮೊಸರು ಬಡಿಸಿದಳು.

ಕತೆ ಮುಗಿಯಿತು. ಹಾಗಾದರೆ ನಾಳೆ ಸಭೆಯಲ್ಲಿ ಓದಲೋ ಬೇಡವೋ ಎಂದು ನಿರಂಜನ ಮತ್ತೆ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: "ನಾಳೆ ಪಂಡಿತರ ಹೆಂಡತಿ ಯಾವ ಸಾಲಿನಲ್ಲಿ ಕೂರುತ್ತಾರೆ, ಮಗು?"